ಮಣ್ಣು ಮೆತ್ತಿದ ನಾಲ್ಕು ಬ್ಲೇಡು

ಚೀಲದ ಗಂಟು ಬಿಚ್ಚಿದ ಕೂಡಲೇ ಒಣಗಿದ ಎರೆಮಣ್ಣಿನ ವಾಸನೆ ಬಂತು. ಅದರ ಹಿಂದೆ ಸುಣ್ಣದ್ದು, ಅದರ ಹಿಂದೆ ಸುಟ್ಟ ಕಬ್ಬಿಣದ್ದು... ನಾನು ಚೀಲವನ್ನು ಮತ್ತೆ ಮುಚ್ಚಿಬಿಟ್ಟೆ. ಒಳಗೇನಿದೆ ಅಂತ ನೋಡುವ ಅಗತ್ಯವೇ ಇರಲಿಲ್ಲ. ಈ ಮೂರು ವಾಸನೆ ಒಟ್ಟಿಗೆ ಸೇರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ, ಸಂಶಿಯ ಬಸ್‌ಸ್ಟ್ಯಾಂಡಿನ ಹಿಂದಿದ್ದ ಚಾಚಾನ ಅಂಗಡಿ.

ಚೀಲ ತಂದವಳು ಚಾಚಾನ ಮಗಳು. ಕಲಘಟಗಿ ಕಡೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಾಳೆ. ನಾನು ಪಾಠ ಮಾಡುವ ಹುಬ್ಬಳ್ಳಿಯ ಕಾಲೇಜು ಹುಡುಕಿಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಳು. "ಅಂಗಡಿ ಖಾಲಿ ಮಾಡಾಕತ್ತೇವ್ರಿ ಮೇಡಂ. ಅಟ್ಟದ ಮ್ಯಾಲ ಈ ಚೀಲ ಸಿಕ್ತು, ಒಳಗ ಚೀಟಿ ಮ್ಯಾಲ ನಿಮ್ಮ ಹೆಸರ ಬರದಿತ್ತು. ಅಬ್ಬಾನ ಅಕ್ಷರನ" ಅಂದಳು. ಚಹಾ ಕುಡಿ ಅಂದೆ, ಕುಡಿದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಕಡೀ ಎರಡ ವರ್ಷ ಅಬ್ಬಾಗ ಕಣ್ಣ ಕಾಣ್ತಿದ್ದಿಲ್ರಿ. ಆದ್ರೂ ನಿಮ್ಮ ದನಿ ಫೋನಿನ್ಯಾಗ ಕೇಳಿದ್ರ ಗುರುತು ಹಿಡೀತಿದ್ರು" ಅಂತ ಹೇಳಿ ಹೋದಳು. ನಾನು ಫೋನು ಮಾಡಿದ್ದೇ ಎರಡು ಸಲ, ಹಬ್ಬಕ್ಕೆ. ಅದೂ ಅವಸರದಲ್ಲಿ.

ಆ ಚೀಲ ನಾಲ್ಕು ದಿನ ಲ್ಯಾಬಿನಲ್ಲಿ ನನ್ನ ಮೇಜಿನ ಕೆಳಗೆ ಇತ್ತು. ಕೂತರೆ ಕಾಲಿಗೆ ತಾಗುತ್ತಿತ್ತು, ಎದ್ದರೆ ಕಣ್ಣಿಗೆ ಬೀಳುತ್ತಿತ್ತು. ಪಾಠದ ನಡುವೆ ಒಂದೇ ವಾಕ್ಯವನ್ನು ಎರಡೆರಡು ಸಲ ಹೇಳಿದೆ, ಮಕ್ಕಳು ಮುಖ ಮುಖ ನೋಡಿಕೊಂಡರು. ನನ್ನ ಸ್ವಭಾವವೇ ಹೀಗೆ, ಸಿಟ್ಟು ಬಂದರೂ ಹೆದರಿಕೆಯಾದರೂ ಕೂತಲ್ಲಿ ಕೂರಲಾಗುವುದಿಲ್ಲ. ಈ ಸಲ ಯಾವುದು ಅಂತ ನನಗೇ ತಿಳಿಯಲಿಲ್ಲ. ಸಿಟ್ಟು ಅಂದುಕೊಂಡೆ. ಚಾಚಾ ಇದನ್ನು ಯಾಕೆ ಇಟ್ಟುಕೊಂಡಿದ್ದರು, ಹಳೇ ಕಬ್ಬಿಣ ಕೊಳ್ಳುವ ಮೋಡ್ಕಾದವರಿಗೆ ಹಾಕಿ ಕೈ ತೊಳೆದುಕೊಳ್ಳಬಾರದಿತ್ತೇ!

ಚಾಚಾ ಅಂತ ನಾನಷ್ಟೇ ಅಲ್ಲ, ಊರೇ ಕರೆಯುತ್ತಿತ್ತು. ಸವೆದ ಪಂಪಿನ ಶಾಫ್ಟು, ಹಿಟ್ಟಿನ ಗಿರಣಿಯ ಶಾಫ್ಟು, ಖಾರ ಕುಟ್ಟುವ ಯಂತ್ರದ ಶಾಫ್ಟು, ಎಲ್ಲಿ ಲೋಹ ತಿಂದುಹೋಗಿದೆಯೋ ಅಲ್ಲಿ ಮತ್ತೆ ಲೋಹ ಕೂಡಿಸಿ ಕೊಡುವುದು ಅವರ ಕೆಲಸ. ಅದಕ್ಕೆ ಅವರ ಹತ್ತಿರ ಒಂದು ಗನ್ನು ಇತ್ತು. ನೋಡಲು ಗ್ಯಾಸ್ ವೆಲ್ಡಿಂಗಿನ ಟಾರ್ಚಿನಂತೆ, ಮೇಲೆ ಪುಡಿ ತುಂಬುವ ಒಂದು ಸಣ್ಣ ಡಬ್ಬಿ. ಒತ್ತಿದರೆ ಲೋಹದ ಪುಡಿ ಉರಿಯೊಳಗೆ ಇಳಿದು, ಕರಗಿ, ಹನಿಹನಿಯಾಗಿ ಹಾರಿ ಶಾಫ್ಟಿಗೆ ಅಂಟಿಕೊಳ್ಳುತ್ತಿತ್ತು. ನಮ್ಮ ಪುಸ್ತಕಗಳು ಇದಕ್ಕೆ ಥರ್ಮಲ್ ಸ್ಪ್ರೇ ಅನ್ನುತ್ತವೆ. ಚಾಚಾ "ಪುಡಿ ಹೊಡಿಯೂದು" ಅನ್ನುತ್ತಿದ್ದರು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ದುಡಿದು, ಬರುವಾಗ ಆ ಗನ್ನೊಂದನ್ನೇ ಕೊಂಡು ಊರಿಗೆ ಬಂದವರು. ಕುಂದಗೋಳ ತಾಲೂಕಿನಲ್ಲಿ ಮತ್ತೊಬ್ಬರ ಹತ್ತಿರ ಅದು ಇರಲಿಲ್ಲ.

ನಾನೂ ಸಂಶಿಯವಳೇ. ಚಾಚಾನ ಅಂಗಡಿಗೆ ಓಡಾಡುತ್ತಿದ್ದ ಕಾಲಕ್ಕೆ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ವಿಷಯ ಹೈ ಎಂಟ್ರೊಪಿ ಅಲಾಯ್ ಅಂತ, ಒಂದು ಬಗೆಯ ಮಿಶ್ರಲೋಹ. ಹೆಸರು ಕೇಳಿ ನಮ್ಮವ್ವ ನನ್ನ ಹಣೆ ಮುಟ್ಟಿ ನೋಡಿದ್ದಳು. ವಿಷಯ ಮಾತ್ರ ಸರಳ. ಸಾಮಾನ್ಯವಾಗಿ ಒಂದು ಲೋಹ ಯಜಮಾನ, ಉಳಿದವು ಸಾರಿಗೆ ಉಪ್ಪು ಹಾಕಿದಂತೆ ಚಿಟಿಕೆ ಚಿಟಿಕೆ. ಇದರಲ್ಲಿ ಹಾಗಲ್ಲ, ಅಲ್ಯೂಮಿನಿಯಂ, ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ನಿಕ್ಕಲ್ ಐದೂ ಸಮಪಾಲು. ಯಾವ ಪರಮಾಣು ಎಲ್ಲಿ ಕೂರಬೇಕೆಂಬ ಶಿಸ್ತೇ ಇಲ್ಲ, ಸಂತೆಯಂತೆ ಎಲ್ಲ ಗದ್ದಲ. ಆ ಗದ್ದಲವೇ ಅದರ ಗಟ್ಟಿತನ. ಬೇಗ ಸವೆಯುವುದಿಲ್ಲ, ತುಕ್ಕು ಹತ್ತುವುದಿಲ್ಲ, ಬಿಸಿಗೆ ಮೆದುವಾಗುವುದಿಲ್ಲ. ಇಡೀ ಸಾಮಾನನ್ನು ಇದರಿಂದಲೇ ಮಾಡುವುದು ದುಬಾರಿ. ಆದ್ದರಿಂದ ಸಾಧಾರಣ ಉಕ್ಕಿನ ಮೇಲೆ ತೆಳ್ಳಗೆ ಒಂದು ಪದರ ಕೊಡಬೇಕು.

ಇದನ್ನು ಚಾಚಾಗೆ ವಿವರಿಸಿದಾಗ ಅವರು ಬೀಡಿ ಕೆಳಗಿಟ್ಟು ನಕ್ಕರು. "ಒಂದ ಮನ್ಯಾಗ ಐದು ಮಂದಿ ಕಾರಭಾರಿ? ಸಂಸಾರ ನಡೀತೈತೇನವಾ ತಂಗಿ?"

"ಭಾಳ ಚಲೋ ನಡೀತೈತಿ ಚಾಚಾ, ಅದ ಮಜಾ."

"ಹಂಗಾರ ನೋಡೂಣು ತಗೀ" ಅಂದರು.

ನಮ್ಮ ಕಡೆ ಟ್ರ್ಯಾಕ್ಟರಿಗೆ ತಿರುಗುವ ಬ್ಲೇಡುಗಳ ರೋಟಾವೇಟರ್ ಹಾಕಿ ಮಣ್ಣು ಸಡಿಲಿಸುತ್ತಾರೆ. ಎರೆಹೊಲ ನೋಡಲು ಬೆಣ್ಣೆಯಂತೆ ಇದ್ದರೂ ಒಳಗೆ ಸುಣ್ಣದ ಹರಳು ಇರುತ್ತವೆ, ಬ್ಲೇಡಿನ ಮೂತಿಯನ್ನು ತಿಂದು ಹಾಕುತ್ತವೆ. ಆ ಬ್ಲೇಡುಗಳಿಗೆ ನನ್ನ ಐದು ಲೋಹದ ಪದರ ಕೊಟ್ಟು ನೋಡುವುದು ನನ್ನ ಕೆಲಸ. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ ದೊಡ್ಡ ಯಂತ್ರಗಳಿವೆ. ನನ್ನ ಗೈಡ್ ಆಗಿದ್ದ ಸರ್ ಮಾತ್ರ, ಹಳ್ಳಿಯ ಗ್ಯಾಸ್ ಗನ್ನಿನಿಂದ ಆಗುವುದಾದರೆ ಮಾತ್ರ ರೈತನಿಗೆ ಉಪಯೋಗ ಅನ್ನುತ್ತಿದ್ದರು. ಹಾಗಾಗಿ ನಾನು ಲ್ಯಾಬಿನ ಪುಡಿ ಡಬ್ಬಿಯಲ್ಲಿ ಹಾಕಿಕೊಂಡು ಚಾಚಾನ ಅಂಗಡಿಗೆ ಬಂದೆ.

ಮೂರು ತಿಂಗಳು ಬಂದೆ. ಚಾಚಾ ಮೊದಮೊದಲು ಪುಡಿಯನ್ನು ಬೈದರು. ಅಲ್ಯೂಮಿನಿಯಂ ಬೇಗ ಸುಡುತ್ತದೆ, ಕ್ರೋಮಿಯಂ ಹೊಗೆಯಾಡುತ್ತದೆ, ದೂರ ಹಿಡಿದರೆ ಹನಿ ಆರಿ ಮರಳಿನಂತೆ ಉದುರುತ್ತದೆ, ಹತ್ತಿರ ಹಿಡಿದರೆ ಬ್ಲೇಡೇ ಬಾಗುತ್ತದೆ. ಚೂರು ಚೂರು ಕಬ್ಬಿಣದ ಪಟ್ಟಿಗಳ ಮೇಲೆ ಹೊಡೆದು ಹೊಡೆದು ಹದ ಹಿಡಿದರು. ಆ ಪಟ್ಟಿಗಳನ್ನು ನಾನು ಲ್ಯಾಬಿಗೆ ಒಯ್ದು ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ತಿಂಗಳಿಂದ ತಿಂಗಳಿಗೆ ಪದರದೊಳಗಿನ ತೂತು ಕಡಿಮೆಯಾಗುತ್ತ ಬಂತು. ಗಡಸುತನ ಅಳೆಯುವ ಯಂತ್ರ ಕೊಟ್ಟ ಸಂಖ್ಯೆ ನೋಡಿ ಸರ್ ಎರಡು ಸಲ ಅಳೆಯಿಸಿದರು. ಯಂತ್ರವಿಲ್ಲದ ಒಬ್ಬ ಮನುಷ್ಯನ ಮಣಿಕಟ್ಟಿಗೆ ಇಷ್ಟು ಲೆಕ್ಕ ಹೇಗೆ ಗೊತ್ತು ಅಂತ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಚಾಚಾಗೆ ಇದರಲ್ಲಿ ಏನಿತ್ತು ಅಂತ ಒಂದು ದಿನ ತಿಳಿಯಿತು. ಅವರ ಹೊಟ್ಟೆ ತುಂಬಿಸುತ್ತಿದ್ದದ್ದು ಪುಡಿ ಹೊಡೆಯುವ ಕೆಲಸವಲ್ಲ, ಗೇಟು ಕಿಟಕಿ ಮಾಡುವ ಕರೆಂಟ್ ವೆಲ್ಡಿಂಗು. ಅದರ ಬೆಳಕಿಗೆ ಕಣ್ಣು ಕೆಟ್ಟಿದ್ದವು. ಸಂಜೆಯಾದರೆ ಕೆಂಪಾಗಿ ನೀರು ಸುರಿಯುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ವೆಲ್ಡಿಂಗ್ ಬಿಡದಿದ್ದರೆ ಕಣ್ಣು ಉಳಿಯುವುದಿಲ್ಲ ಅಂದಿದ್ದರು. ಗನ್ನಿನ ಉರಿ ಅಷ್ಟು ಕ್ರೂರವಲ್ಲ, ಕಪ್ಪು ಕನ್ನಡಕ ಸಾಕು. ಕುಂದಗೋಳದ ಗೌಡರೊಬ್ಬರು ಟ್ರ್ಯಾಕ್ಟರು, ರೋಟಾವೇಟರು ಬಾಡಿಗೆಗೆ ಬಿಡುತ್ತಿದ್ದರು. ನಿಮ್ಮ ಲೇಪ ನಿಂತರೆ ನಮ್ಮ ಎಲ್ಲ ಬ್ಲೇಡೂ ಪ್ರತಿ ವರ್ಷ ನಿಮ್ಮ ಹತ್ತಿರವೇ ಬರುತ್ತವೆ ಅಂತ ಅವರು ಚಾಚಾಗೆ ಮಾತು ಕೊಟ್ಟಿದ್ದರು.

"ಇದು ನಿಂತ್ರ ವೆಲ್ಡಿಂಗ್ ಹೋಲ್ಡರ್ ಬಾವ್ಯಾಗ ಒಗೀತೀನಿ ನೋಡವಾ" ಅಂದಿದ್ದರು ಚಾಚಾ. ನಗುತ್ತಲೇ ಅಂದಿದ್ದರು. ಕಣ್ಣಲ್ಲಿ ನೀರು ಇತ್ತು, ಅದು ವೆಲ್ಡಿಂಗಿನದು.

ದಸರೆಯ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಹಿಂಗಾರಿ ಬಿತ್ತನೆಗೆ ಹೊಲ ಹದ ಮಾಡುವ ಕಾಲ. ಆರು ಬ್ಲೇಡುಗಳಿಗೆ ಲೇಪ ಹಾಕಿ ಗೌಡರ ಹೊಲದಲ್ಲಿ ಓಡಿಸುವುದು, ದಶಮಿಯ ಮರುದಿನ ಸರ್ ಬಂದು ನೋಡುವುದು ಅಂತ ಗೊತ್ತಾಯಿತು. ಅಷ್ಟಮಿಯ ದಿನ ಚಾಚಾ ಆರೂ ಬ್ಲೇಡುಗಳ ಮೇಲೆ ಒತ್ತಡದ ಗಾಳಿಯಿಂದ ಚೂಪು ಮರಳು ಬಡಿಸಿ ಮೈ ಒರಟು ಮಾಡಿದರು. ಈ ಒರಟುತನವೇ ಎಲ್ಲ. ಲೋಹದ ಹನಿ ಬಂದು ಬಡಿದು ಚಪ್ಪಟೆಯಾಗಿ ಆ ಒರಟಿನ ಹಲ್ಲುಗಳನ್ನು ಕಚ್ಚಿ ಹಿಡಿಯುತ್ತದೆ, ಬೇರೆ ಅಂಟು ಅಂತ ಏನೂ ಇಲ್ಲ.

"ನುಣ್ಣನ ಗ್ವಾಡಿಗೆ ಸೆಗಣಿ ಕುಳ್ಳ ತಟ್ಟಿದ್ರ ಹತ್ತತೈತೇನು? ಇಲ್ಲ. ಧೂಳ ಇದ್ದ ಗ್ವಾಡಿಗೆ? ಅದೂ ಇಲ್ಲ" ಅನ್ನುತ್ತಿದ್ದರು ಚಾಚಾ. ಒರಟು ಮಾಡಿದ ಬ್ಲೇಡನ್ನು ಬರಿಗೈಯಲ್ಲಿ ಅವರೂ ಮುಟ್ಟುತ್ತಿರಲಿಲ್ಲ. ಒಗೆದ ಬಿಳಿ ಬಟ್ಟೆಯಲ್ಲಿ ಹಿಡಿಯುತ್ತಿದ್ದರು, ಹೆರಿಗೆಯಾದ ಮನೆಯಲ್ಲಿ ಕೂಸನ್ನು ಎತ್ತಿದ ಹಾಗೆ.

ಅಂದು ಮಧ್ಯಾಹ್ನವೇ ಲೋಹದ ಪುಡಿ ಹೊಡೆಯಬೇಕಿತ್ತು. ಆಕ್ಸಿಜನ್ ಸಿಲಿಂಡರು ಮುಗಿಯಿತು. ಹಬ್ಬದ ದಿನ, ಹೊಸದು ಬರಲು ಮರುದಿನ ಸಂಜೆಯಾಗುತ್ತದೆ ಅಂದರು. ಮರುದಿನ ನವಮಿ, ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಚಾಚಾನ ಅಂಗಡಿಯಲ್ಲಿಯೂ ಖಂಡೆ ಪೂಜೆ ನಡೆಯುತ್ತಿತ್ತು. ಊರಿನ ಅರ್ಧ ಕಬ್ಬಿಣ ಅವರ ಅಂಗಡಿಯಲ್ಲಿ ಇರುತ್ತಿತ್ತಲ್ಲ, ಪೂಜೆಯಿಲ್ಲದೆ ಬಿಟ್ಟರೆ ಮಾಲೀಕರು ಸುಮ್ಮನಿರುತ್ತಿದ್ದರೇ? ಚಾಚಾನೇ ಕಸ ಹೊಡೆದು, ನೀರು ಹಾಕಿ ತೊಳೆದು, ಹೂವು ತರಿಸಿ ಇಡುತ್ತಿದ್ದರು. ಪೂಜೆಯಾದ ಮೇಲೆ ಆ ದಿನ ಯಾವ ಹತಾರವನ್ನೂ ಮುಟ್ಟುತ್ತಿರಲಿಲ್ಲ. ಅಂದರೆ ಪುಡಿ ಹೊಡೆಯುವುದು ದಶಮಿಗೆ.

"ನಾಳೆ ಅಂಗಡಿ ತೊಳೀತೀವಿ, ನೀರ ಸಿಡೀತೈತಿ. ನಿಮ್ಮ ಮನ್ಯಾಗ ಇಟ್ಕೊಳ್ಳವಾ" ಅಂತ ಒಂದು ಸಣ್ಣ ಟ್ರಂಕಿನಲ್ಲಿ ಬ್ಲೇಡುಗಳನ್ನಿಟ್ಟು, ತೇವ ಹೀರಲಿ ಅಂತ ನಾಲ್ಕು ಮೂಲೆಗೆ ಸುಟ್ಟ ಸುಣ್ಣದ ಹರಳಿನ ಪೊಟ್ಟಣ ಇಟ್ಟು ಕೊಟ್ಟರು. "ಯಾರೂ ಮುಟ್ಟಬಾರದು. ನೀನೂ."

ನವಮಿಯ ಬೆಳಿಗ್ಗೆ ನಾನು ಹೂವು ತರಲು ಹೋಗಿದ್ದೆ. ಬರುವಷ್ಟರಲ್ಲಿ ನಮ್ಮವ್ವ ಮನೆಯ ಕಬ್ಬಿಣವನ್ನೆಲ್ಲ ಪಡಸಾಲೆಯಲ್ಲಿ ಜೋಡಿಸಿದ್ದಳು. ಇಳಿಗೆ, ಕುಡಗೋಲು, ಕೊಡಲಿ, ಅಪ್ಪನ ಸ್ಕೂಟರಿನ ಕೀಲಿ, ನನ್ನ ಲ್ಯಾಪ್‌ಟಾಪು. ಅದರ ಪಕ್ಕ ಟ್ರಂಕು ಬಾಯಿ ತೆರೆದಿತ್ತು. ಮೇಲಿದ್ದ ನಾಲ್ಕು ಬ್ಲೇಡು ಮಣೆಯ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಒದ್ದೆ ವಿಭೂತಿಯ ಮೂರು ಬೆರಳಿನ ಗೆರೆ, ನಡುವೆ ಕುಂಕುಮದ ಬೊಟ್ಟು. ಮೇಲೊಂದು ಸೇವಂತಿಗೆ.

"ನಿನ್ನ ಓದಿನ ಕಬ್ಬಣ ಅಲ್ಲೇನವಾ, ಅದಕ್ಕ ಮೊದಲ ಹಚ್ಚೀನಿ" ಅಂದಳು ಅವ್ವ. ಮುಖ ಅಷ್ಟು ಹಿಗ್ಗಿತ್ತು. ಮಗಳದು ಪಿಎಚ್‌ಡಿ ಅಂತ ಊರಲ್ಲಿ ಹೇಳಲು ಬಾರದೆ ನಾಲಿಗೆ ತೊಡರಿಸಿಕೊಳ್ಳುತ್ತಿದ್ದ ಹೆಂಗಸು, ನನ್ನ ಓದಿನ ಹೆಸರಿನಲ್ಲಿ ಅವಳ ಕೈಗೆ ಸಿಕ್ಕಿದ ವಸ್ತು ಅದೊಂದೇ. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ತಪ್ಪೇನಿಲ್ಲ.

ತಪ್ಪು ಆಮೇಲಿನದು. ಅವ್ವ ಅಡಿಗೆಮನೆಗೆ ಹೋದ ಮೇಲೆ ನಾಲ್ಕೂ ಬ್ಲೇಡುಗಳನ್ನು ಅಸಿಟೋನ್ ಹಾಕಿ ಒರೆಸಿದೆ, ಬ್ರಷ್ಷಿನಿಂದ ತಿಕ್ಕಿದೆ. ಕುಂಕುಮದ ಕೆಂಪು ಹೋಯಿತು. ವಿಭೂತಿ? ಒರಟು ಮಾಡಿದ ಉಕ್ಕಿನ ಬಣ್ಣವೂ ವಿಭೂತಿಯ ಬಣ್ಣವೂ ಹೆಚ್ಚು ಕಡಿಮೆ ಒಂದೇ, ಬೂದು. ಹೋಗಿದೆ ಅಂದರೆ ಹೋಗಿದೆ, ಇದೆ ಅಂದರೆ ಇದೆ. ಬೂದಿ ಸಣ್ಣ ಸಣ್ಣ ಕುಳಿಗಳಲ್ಲಿ ಕೂತರೆ ಬೆಂಕಿಗೂ ಸುಡುವುದಿಲ್ಲ, ಲೋಹದ ಹನಿಯ ಹಲ್ಲು ಅಲ್ಲಿ ಹಿಡಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳುವ ಸುಖವೂ ನನಗಿಲ್ಲ. ಮತ್ತೆ ಮರಳು ಬಡಿಸಿ ಒರಟು ಮಾಡಿರಿ ಅಂತ ಚಾಚಾಗೆ ಹೇಳಿದರೆ ಇನ್ನೊಂದು ದಿನ ಹೋಗುತ್ತದೆ, ಸರ್ ಬಂದು ಕಾಯುತ್ತಾರೆ, ಮುಟ್ಟಬಾರದು ಅಂದಿದ್ದನ್ನು ಕಾಯಲಾರದವಳು ನೀನೆಂಥ ವಿಜ್ಞಾನಿ ಅನ್ನುತ್ತಾರೆ... ಬ್ಲೇಡುಗಳನ್ನು ಟ್ರಂಕಿನಲ್ಲಿಟ್ಟು ಮುಚ್ಚಿದೆ.

ದಶಮಿಯ ದಿನ ಚಾಚಾ ಆರಕ್ಕೂ ಪುಡಿ ಹೊಡೆದರು. ಅವತ್ತಿನ ಕೈ ಅಂದರೆ ಕೈ. ಉರಿ ಹಿಂದೆ ಮುಂದೆ ಹೋಗುತ್ತಿದ್ದದ್ದು ಒಂದೇ ಹದದಲ್ಲಿ, ಅತ್ತಿತ್ತ ಕೂದಲೆಳೆಯಷ್ಟೂ ಇಲ್ಲ. ಆರಿದ ಮೇಲೆ ಒಂದೊಂದನ್ನೂ ದಾರಕ್ಕೆ ತೂಗಿಹಾಕಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕೇಳಿದರು. ಅದು ಅವರ ಪರೀಕ್ಷೆ, ನನ್ನ ಲ್ಯಾಬಿನ ಯಾವ ಯಂತ್ರಕ್ಕೂ ಕಡಿಮೆಯಿಲ್ಲದ್ದು. ಎರಡು ಬ್ಲೇಡು ಗಣ್ ಅಂದವು. ನಾಲ್ಕು ಬ್ಲೇಡಿನ ದನಿ ಸ್ವಲ್ಪ ಮಂದ. ಚಾಚಾ ಮತ್ತೆ ತಟ್ಟಿದರು, ಕಿವಿ ಹತ್ತಿರ ಒಯ್ದರು. ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿ ಆ ಕೆಂಪು ಕಣ್ಣುಗಳಿಂದ ನನ್ನನ್ನು ನೋಡಿದರು.

"ತಂಗಿ, ಯಾರರ ಕೈ ಹಚ್ಚ್ಯಾರೇನವಾ ಇದಕ್ಕ?"

"ಇಲ್ಲ ಚಾಚಾ."

ಸ್ಪ್ಯಾನರನ್ನು ಕೆಳಗಿಟ್ಟರು. "ಇಲ್ಲಂದ್ರ ಇಲ್ಲ ಬಿಡು" ಅಂದರು.

ಆ ಸಂಜೆ ಊರಿನವರೆಲ್ಲ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವಾಗ ಚಾಚಾನೂ ನನ್ನ ಕೈಯಲ್ಲಿ ನಾಲ್ಕೆಲೆ ಇಟ್ಟರು. "ನಾವು ನೀವು ಬಂಗಾರಧಂಗ ಇರೂಣು" ಅಂದರು. ನಾನು ಬಗ್ಗಿ ಕಾಲು ಮುಟ್ಟಿದೆ. ಆಗಲಾದರೂ ಹೇಳಬಹುದಿತ್ತು. ಬಗ್ಗಿದವಳು ಎದ್ದು ನಿಂತಾಗ ಹಿಂದೆ ಇನ್ಯಾರೋ ಎಲೆ ಹಿಡಿದು ನಿಂತಿದ್ದರು, ನಾನು ಸರಿದುಕೊಂಡೆ.

ಮರುದಿನ ಗೌಡರ ಎರೆಹೊಲ. ಸರ್ ಬಂದಿದ್ದರು, ಗೌಡರ ಜೊತೆ ಏಳೆಂಟು ಮಂದಿ ಟ್ರ್ಯಾಕ್ಟರಿನವರೂ ಬಂದಿದ್ದರು. ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಅವರನ್ನು ಅಂಗಡಿಯ ಅಂಗಿಯಿಲ್ಲದೆ ನಾನು ನೋಡಿದ್ದೇ ಮೊದಲು. ಎರಡು ತಾಸು ರೋಟಾವೇಟರ್ ಓಡಿತು. ನಿಲ್ಲಿಸಿದ ಕೂಡಲೇ ಚಾಚಾ ಎಲ್ಲರಿಗಿಂತ ಮೊದಲು ಕೆಳಗೆ ಬಗ್ಗಿದರು. ಬ್ಲೇಡಿಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಸರಿಸಿದರು. ಬೆರಳು ಅಲ್ಲೇ ನಿಂತಿತು. ಒಂದು ಬ್ಲೇಡು, ಇನ್ನೊಂದು, ಮತ್ತೊಂದು... ಬಗ್ಗಿದ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಆಮೇಲೆ ಅವರು ಮಾಡಿದ್ದನ್ನು ಎಲ್ಲರೂ ನೋಡಿದೆವು. ಸ್ಪ್ಯಾನರ್ ತೆಗೆದುಕೊಂಡು ನಾಲ್ಕು ಬ್ಲೇಡು ಬಿಚ್ಚಿದರು. ಪಕ್ಕದ ಕಾಲುವೆಯ ಹಸಿಮಣ್ಣು ಬಾಚಿ ಒಂದೊಂದರ ಮೈಗೂ ದಪ್ಪಗೆ ಮೆತ್ತಿದರು. ಬಿಳಿ ಅಂಗಿಯ ತುಂಬ ಕರಿಮಣ್ಣು.

"ಏನ್ರಿ ಚಾಚಾ, ತೋರಸ್ರಿ" ಅಂದರು ಗೌಡರು.

"ತೋರಸೂದೇನ ಐತ್ರಿ, ಲೇಪ ಕಿತ್ತ ಹೋಗೈತಿ. ನಾಕು ಕೆಟ್ಟಾವು, ಎರಡು ನಿಂತಾವು. ಕೆಟ್ಟ ಕೆಲಸ ಮಂದಿಗೆ ತೋರಸಬಾರದ್ರಿ. ನನ್ನ ಕೈಯಾಗ ಎಲ್ಲೋ ತಪ್ಪಾತು."

ನಿಂತ ಎರಡು ಬ್ಲೇಡು ಹೇಗಿದ್ದವು ಗೊತ್ತೇ? ಮೂತಿ ಹೊಸದರಂತೆ, ಗೀರು ಬಿದ್ದಿರಲಿಲ್ಲ. ಸರ್ ಅದನ್ನು ನೋಡಿ ಖುಷಿಪಟ್ಟರು, ನಾಲ್ಕನ್ನು ನೆನೆದು ತಲೆಯಾಡಿಸಿದರು. ಲೋಹ ಒಳ್ಳೆಯದಿದೆ, ಕೈ ಒಂದೇ ಸಮ ಇಲ್ಲ ಅಂದರು. ಗುಂಪಿನಲ್ಲಿ ಯಾರೋ, "ವಯಸ್ಸಾತಲ್ರಿ, ಕೈ ನಡಗಾಕ ಹತ್ತಿರಬೇಕು" ಅಂದರು. ಚಾಚಾ ಅಂಗಿಯ ಚುಂಗಿಗೆ ಕೈ ಒರೆಸಿಕೊಂಡರು.  ನನ್ನ ಕಾಲು ನಿಂತಲ್ಲಿ ನಿಲ್ಲದೆ ಮಣ್ಣಿನ ಹೆಂಟೆ ಒದೆಯುತ್ತಿತ್ತು.

ಕೆಟ್ಟ ಬ್ಲೇಡುಗಳನ್ನು ಲ್ಯಾಬಿಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಯಾಕೆ ಕಿತ್ತಿತು ಅಂತ ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು. "ಕೆಟ್ಟದ್ದು ನನ್ನ ಕಡೆ ಇರ್ಲಿ, ಚಲೋದು ನೀ ಒಯ್ಯವಾ" ಅಂದರು ಚಾಚಾ. ನಾಚಿಕೆಯಿಂದ ಹಾಗೆ ಅನ್ನುತ್ತಿದ್ದಾರೆ ಅಂದುಕೊಂಡೆ. ಒತ್ತಾಯ ಮಾಡದೆ ಒಳ್ಳೆಯ ಎರಡನ್ನೇ ಟ್ರಂಕಿನಲ್ಲಿಟ್ಟು ಮನೆಗೆ ತಂದೆ. ನನಗೂ ಅದೇ ಬೇಕಾಗಿತ್ತು. ಮೈಕ್ರೋಸ್ಕೋಪು ಬೂದಿಯನ್ನು ಬೂದಿ ಅಂತಲೇ ತೋರಿಸುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ.

ಪ್ರಬಂಧದಲ್ಲಿ ಬರೆದೆ. ಕೈಯಿಂದ ಹೊಡೆಯುವ ಲೇಪದಲ್ಲಿ ಕೆಲಸಗಾರನಿಂದ ಕೆಲಸಗಾರನಿಗೆ, ಬ್ಲೇಡಿನಿಂದ ಬ್ಲೇಡಿಗೆ ಏರುಪೇರು, ನಂಬಲಾಗದು. ಚಾಚಾನ ಹೆಸರು ಹಾಕಿರಲಿಲ್ಲ. ಹಾಕದಿರುವುದು ಉಪಕಾರ ಅಂತ ಕೂಡ ಅಂದುಕೊಂಡಿದ್ದೆ, ನೋಡಿ ನನ್ನ ಸೊಕ್ಕು! ಎರಡು ಬ್ಲೇಡಿನ ಗಡಸುತನದ ಮೇಲೆ ನನಗೆ ಡಿಗ್ರಿ ಬಂತು, ಆಮೇಲೆ ಈ ಕೆಲಸವೂ ಬಂತು. ಗೌಡರು ಬ್ಲೇಡು ಕೊಡಲಿಲ್ಲ. ಗಿರಣಿಯವರೂ ಶಾಫ್ಟು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗತೊಡಗಿದರು, ಚಾಚಾನ ಕೈ ಮೊದಲಿನಂತಿಲ್ಲ ಅಂತ ಮಾತು ಹಬ್ಬಿತ್ತು. ಗನ್ನು ಗೂಟಕ್ಕೆ ಬಿತ್ತು. ಚಾಚಾ ಗೇಟು ಕಿಟಕಿ ವೆಲ್ಡಿಂಗ್ ಮಾಡುತ್ತಲೇ ಉಳಿದರು, ಕಣ್ಣು ಇರುವ ತನಕ. ಊರಿಗೆ ಹೋದಾಗ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ದಾರಿ ಬಿಟ್ಟು ಸುತ್ತಿ ಮನೆಗೆ ಹೋಗುತ್ತಿದ್ದೆ. ತೀರಿಕೊಂಡ ಸುದ್ದಿ ಬಂದ ದಿನ ಪರೀಕ್ಷೆಯ ಮೇಲ್ವಿಚಾರಣೆ ಇತ್ತು, ರಜೆ ಸಿಗಲಿಲ್ಲ ಅಂತ ಅವ್ವನಿಗೆ ಹೇಳಿದೆ. ಕೇಳಿದ್ದರೆ ಸಿಗುತ್ತಿತ್ತು.

ಐದನೆಯ ದಿನ ಚೀಲ ಬಿಚ್ಚಿದೆ. ಆ ಕಾಲುವೆಯ ಮಣ್ಣು ಹಾಗೇ ಇತ್ತು, ಕಲ್ಲಾಗಿತ್ತು. ಲ್ಯಾಬಿನ ನಲ್ಲಿಯ ಕೆಳಗೆ ಒಂದು ಬ್ಲೇಡು ಹಿಡಿದೆ. ಮಣ್ಣು ನೆಂದು, ಕರಗಿ, ಕಪ್ಪು ನೀರಾಗಿ ಇಳಿಯಿತು. ಲೇಪ ಹೇಗೆಂದರೆ ಹಾಗೆ ಕಿತ್ತಿರಲಿಲ್ಲ. ಅಡ್ಡಕ್ಕೆ ಮೂರು ಪಟ್ಟಿ, ಒಂದರ ಕೆಳಗೊಂದು, ಬೆರಳಿನಗಲ. ನಡುವೆ ದುಂಡಗೆ ಒಂದು ಬೊಟ್ಟಿನಷ್ಟು. ಉಳಿದೆಡೆ ಲೇಪ ಇವತ್ತಿಗೂ ಗಟ್ಟಿಯಾಗಿ ಹಿಡಿದು ಕೂತಿದೆ. ಎರಡನೆಯದನ್ನು ತೊಳೆದೆ, ಮೂರನೆಯದನ್ನು, ನಾಲ್ಕನೆಯದನ್ನು. ನಾಲ್ಕರ ಮೇಲೂ ಅದೇ. ಕುರುಡರೂ ಕೈಯಾಡಿಸಿ ಹೇಳಬಹುದಿತ್ತು ಅದೇನಂತ.

ಚಾಚಾ ಅವತ್ತು ಹೊಲದಲ್ಲಿ ಬಗ್ಗಿ ನೋಡಿದ್ದು ಇದನ್ನು. ತಮ್ಮ ಕೈ ಕೆಟ್ಟಿಲ್ಲ ಅಂತ ಅವರಿಗೆ ಆ ಕ್ಷಣವೇ ಗೊತ್ತಾಗಿದೆ. ತೊಳೆದು ಎತ್ತಿ ಹಿಡಿದಿದ್ದರೆ ಸಾಕಿತ್ತು, ಒಂದು ಮಾತೂ ಬೇಕಿರಲಿಲ್ಲ. ಅವರು ಮಣ್ಣು ಮೆತ್ತಿದರು. ಅಷ್ಟು ಮಂದಿಯ ಎದುರು ವಿಭೂತಿಯಿಂದ ಕೆಲಸ ಕೆಟ್ಟಿತು ಅಂತ ತಮ್ಮ ಬಾಯಿಂದ ಬರುವುದು ಬೇಡ ಅಂದುಕೊಂಡರೋ, ನನ್ನ ಸುಳ್ಳು ಸರ್ ಎದುರು ಬಯಲಾಗುವುದು ಬೇಡ ಅಂದುಕೊಂಡರೋ... ಎರಡೂ ಇರಬಹುದು. ನಾನು ಆಮೇಲಾದರೂ ಬಂದು ಹೇಳುತ್ತೇನೆ ಅಂತ ಕಾದಿದ್ದರೇ? ಚೀಟಿಯ ಮೇಲೆ ಹೆಸರಷ್ಟೇ ಇದೆ, ಬೇರೇನೂ ಬರೆದಿಲ್ಲ.

ಸರ್‌ಗೆ ಫೋನು ಮಾಡಿದೆ. ಪ್ರಬಂಧದಲ್ಲಿ ಬರೆದದ್ದು ತಪ್ಪು, ತಿದ್ದುಪಡಿ ಕಳಿಸುತ್ತೇನೆ ಅಂದೆ. ಪೂರ್ತಿ ಕೇಳಿದರು. "ಆಯಿತು, ಕಳಿಸು. ಆದರೆ ಈಗ ಅದರಿಂದ ಯಾರಿಗೆ ಏನು?" ಅಂದರು. ಫೋನಿಟ್ಟೆ. ಒಂದು ಬ್ಲೇಡು ಬ್ಯಾಗಿಗೆ ಹಾಕಿಕೊಂಡು ಸಂಶಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಸೀಟು ಇತ್ತು, ನಿಂತೇ ಹೋದೆ. ಈ ಸಲ ಸುತ್ತುದಾರಿ ಹಿಡಿಯಲಿಲ್ಲ. ಅಂಗಡಿಯ ಬಾಗಿಲು ಹಾಕಿತ್ತು, ಬೋರ್ಡು ಇಳಿಸಿದ್ದರು.

ಅವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಬ್ಲೇಡನ್ನು ಅವಳ ತೊಡೆಯ ಮೇಲಿಟ್ಟು ಎಲ್ಲ ಹೇಳಿದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಬಲಗೈಯ ಮೂರು ಬೆರಳನ್ನು ಆ ಮೂರು ಪಟ್ಟಿಯ ಮೇಲೆ ಇಟ್ಟಳು. ಸರಿಯಾಗಿ ಕೂತವು.

"ಇದು ನನ್ನ ಕೈ" ಅಂದಳು. ಆಮೇಲೆ, "ಸಾಹೇಬ್ರಿಗೆ ಗೊತ್ತಿತ್ತೇನ?"

"ಚಾಚಾಗ ಗೊತ್ತಿತ್ತವಾ."

ಅವ್ವನ ದನಿ ಇಳಿಯಿತು. "ಹೊಲದಿಂದ ಬಂದ ಮರುದಿನ ಖಾಲಿ ಟ್ರಂಕ ಒಯ್ಯಾಕ ಮನೀಗೆ ಬಂದಿದ್ರು. ನೀ ಹುಬ್ಬಳ್ಳಿಗೆ ಹೋಗಿದ್ದಿ. ಚಾ ಕೊಟ್ಟು ನಾನ ಕೇಳಿದ್ನಿ. ಸಾಹೇಬ್ರ, ನಾ ಆ ಕಬ್ಬಣಕ್ಕ ವಿಭೂತಿ ಹಚ್ಚಿ ಪೂಜಿ ಮಾಡಿದ್ನಿ, ಚಲೋ ಆತಿಲ್ರಿ ಅಂತ."

"ಏನಂದ್ರು?"

"ಭಾಳ ಚಲೋ ಆತ್ರಿ ಅಕ್ಕಾರ, ಎರಡು ಬ್ಲೇಡು ಅಗದಿ ಬಂಗಾರಧಂಗ ನಿಂತಾವು, ನಿಮ್ಮ ಮಗಳು ದೊಡ್ಡಾಕಿ ಆಗ್ತಾಳ ಅಂದ್ರು. ಚಾ ಪೂರಾ ಕುಡದು ಹೋದ್ರು."

ಅಕ್ಕಿಯ ಮೊರ ಹಾಗೇ ಬದಿಗಿತ್ತು. ನಾನು ಎದ್ದು ಬಾಗಿಲವರೆಗೆ ಹೋದೆ, ಮತ್ತೆ ಬಂದೆ, ಮತ್ತೆ ಹೋದೆ.  ಅವ್ವನ ಮೂರು ಬೆರಳು ಇನ್ನೂ ಬ್ಲೇಡಿನ ಮೇಲೇ ಇದ್ದವು.